ಕತ್ತಿನ ಗಂಟು ಬಿಡಿಸಿದ ಕೈಗಳು

ರಾತ್ರಿ ಮಲಗುವಾಗ ಸರಿಯಾಗಿಯೇ ಇದ್ದ ಕತ್ತು ಬೆಳಿಗ್ಗೆ ಏಳುವಾಗ ಹಿಡಿದುಕೊಂಡಿರುತ್ತದೆ. ಪಕ್ಕದಿಂದ ಯಾರಾದರೂ ಕರೆದರೆ ತಲೆಯ ಬದಲು ಇಡೀ ಮೈಯನ್ನೇ ಅತ್ತ ತಿರುಗಿಸಬೇಕಾಗುತ್ತದೆ. ಮನೆಯ ಹಿರಿಯರು ದಿಂಬನ್ನು ಬಿಸಿಲಿಗೆ ಹಾಕು ಎನ್ನುತ್ತಾರೆ. ಅಜ್ಜಿ ಬಾಣಲೆಯಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಾಳೆ. ಇದಾವುದಕ್ಕೂ ಪುರುಸೊತ್ತಿಲ್ಲದವರು ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚುತ್ತಾರೆ. ಗಲ್ಲಕ್ಕೊಂದು ಕೈ, ನೆತ್ತಿಗೊಂದು ಕೈ. ತಲೆ ಒಮ್ಮೆ ಅತ್ತ, ಒಮ್ಮೆ ಇತ್ತ. 'ಲಟಕ್' ಎಂದು ನೆಟಿಗೆ ಬಿದ್ದ ಮೇಲೆ ಹಗುರಾಯಿತು ಎಂದು ಎದ್ದು ಬರುತ್ತಾರೆ.

ಶಾಖ ಕೊಟ್ಟು ಕಾಯುವುದು ಒಂದು ದಾರಿ, ಹಿಡಿದು ತಿರುಚುವುದು ಇನ್ನೊಂದು ದಾರಿ. ಕತ್ತಿನ ಬಿಗಿತಕ್ಕೆ ಕೈಯಿಂದ ಮಾಡುವ ಚಿಕಿತ್ಸೆಯ ಇತಿಹಾಸವನ್ನು ನೋಡಿದರೆ, ಅದು ಬಹುಮಟ್ಟಿಗೆ ಈ ಎರಡು ದಾರಿಗಳ ನಡುವಿನ ಜಗ್ಗಾಟದ ಕತೆಯೇ. ಬಿಗಿದ ಸ್ನಾಯುವನ್ನು ಬಲದಿಂದ ಗೆಲ್ಲಬಹುದೆಂದು ಮನುಷ್ಯ ಬಹಳ ಕಾಲ ನಂಬಿದ್ದ. ಹಾಗಲ್ಲ, ರೋಗಿಯನ್ನೇ ಜೊತೆಗೆ ಸೇರಿಸಿಕೊಂಡು ಅದು ತಾನಾಗಿ ಬಿಡುವಂತೆ ಮಾಡಬೇಕೆಂದು ತಿಳಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಹೊರೆ ಹೊತ್ತ ಕಂಬ

ಕತ್ತಿನ ರಚನೆಯೇ ಒಂದು ಅಚ್ಚರಿ. ಸುಮಾರು ನಾಲ್ಕೂವರೆಯಿಂದ ಐದು ಕಿಲೋ ತೂಗುವ ತಲೆಯನ್ನು ಏಳು ಸಣ್ಣ ಮೂಳೆಮಣಿಗಳ ಒಂದು ಕಂಬ ಹೊತ್ತಿದೆ. ಈ ಕಂಬ ನೆಟ್ಟಗೆ ನಿಂತರೆ ಸಾಲದು. ಸದ್ದು ಬಂದ ಕಡೆಗೆ ಹೊರಳಬೇಕು, ಆಕಾಶ ನೋಡಬೇಕು, ನೆಲ ನೋಡಬೇಕು. ಈ ಕೆಲಸಕ್ಕೆಂದೇ ಹಿಂದೆ, ಮುಂದೆ, ಪಕ್ಕದಲ್ಲಿ ಸ್ನಾಯುಗಳ ಹಗ್ಗಗಳಿವೆ. ಡೇರೆಯ ಕಂಬವನ್ನು ಸುತ್ತಲಿನ ಹಗ್ಗಗಳು ಹಿಡಿದಿರುವಂತೆ ಇವು ಕತ್ತನ್ನು ಹಿಡಿದಿರುತ್ತವೆ.

ಇವುಗಳಲ್ಲಿ ಮೂರು ಸ್ನಾಯುಗಳ ಹೆಸರು ಚಿಕಿತ್ಸಕರ ಬಾಯಲ್ಲಿ ಪದೇ ಪದೇ ಬರುತ್ತದೆ. ತಲೆಬುರುಡೆಯ ಹಿಂಬದಿಯಿಂದ ಇಳಿದು ಹೆಗಲ ಮೇಲೆ ಹರಡಿಕೊಳ್ಳುವ ಟ್ರೆಪೀಜಿಯಸ್ ಮೊದಲನೆಯದು. ದಣಿದಾಗ ನಮ್ಮ ಕೈ ತಾನಾಗಿ ಹೋಗಿ ಅದುಮಿಕೊಳ್ಳುವುದು ಇದನ್ನೇ. ಎರಡನೆಯದು ಲೆವೇಟರ್ ಸ್ಕ್ಯಾಪುಲೆ. ಕತ್ತಿನ ಮೇಲಿನ ನಾಲ್ಕು ಮಣಿಗಳಿಂದ ಹೊರಟು ಹೆಗಲ ಹಿಂದಿನ ತ್ರಿಕೋನ ಮೂಳೆಯ ಮೇಲ್ತುದಿಗೆ ಬಂದು ಸೇರುತ್ತದೆ. ಬೆಳಿಗ್ಗೆ ಎದ್ದಾಗ ಕತ್ತು ತಿರುಗದಿದ್ದರೆ ಅನೇಕ ವೇಳೆ ತಕರಾರು ಇದರದ್ದೇ. ಮೂರನೆಯದು, ಕಿವಿಯ ಹಿಂದಿನ ಉಬ್ಬಿನಿಂದ ಎದೆಮೂಳೆಗೆ ಓರೆಯಾಗಿ ಇಳಿಯುವ ಸ್ಟರ್ನೊಕ್ಲೀಡೊಮ್ಯಾಸ್ಟಾಯ್ಡ್. ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿದಾಗ ಇನ್ನೊಂದು ಪಕ್ಕದಲ್ಲಿ ಹುರಿಯಂತೆ ಎದ್ದು ಕಾಣುವುದು ಇದು.

ಸ್ನಾಯು ಬಿಗಿಯುವುದು ಹೊಸ ಕಾಲದ ಕಾಯಿಲೆಯಲ್ಲ. ಆಯುರ್ವೇದ ಇದನ್ನು ಮನ್ಯಾಸ್ತಂಭವೆಂದು ಕರೆದು ವಾತರೋಗಗಳಲ್ಲಿ ಸೇರಿಸಿದೆ. ಹಗಲು ನಿದ್ದೆ, ಸರಿಯಲ್ಲದ ಭಂಗಿಯಲ್ಲಿ ಕೂರುವುದು ನಿಲ್ಲುವುದು, ಕತ್ತೆತ್ತಿ ಓರೆಯಾಗಿ ಮೇಲೆ ನೋಡುತ್ತಿರುವುದು ಇದಕ್ಕೆ ಕಾರಣಗಳೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಚಿಕಿತ್ಸೆ ಎಂದು ಸೂಚಿಸಿರುವುದು ಒಣ ಶಾಖ ಮತ್ತು ನಸ್ಯ. ಭಂಗಿಯೇ ಕಾರಣವೆಂಬ ಮಾತು ಕೈಯಲ್ಲಿ ಫೋನು ಹಿಡಿದು ಗಂಟೆಗಟ್ಟಲೆ ತಲೆ ಬಗ್ಗಿಸುವ ಇಂದಿನವರಿಗೂ ಹಳತೆನಿಸುವುದಿಲ್ಲ. ಅಜ್ಜಿಯ ಉಪ್ಪಿನ ಗಂಟೂ ಶಾಸ್ತ್ರಕ್ಕೆ ದೂರವಾದುದಲ್ಲ.

ಶಾಸ್ತ್ರದ ಪಕ್ಕದಲ್ಲೇ ಕೈಚಳಕದ ಪರಂಪರೆಯೂ ನಡೆದುಬಂದಿದೆ. ಮೈಸೂರು ಸೀಮೆಯ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಹೆಸರಾದಂತೆಯೇ ತಪ್ಪಿದ ಕೀಲನ್ನು ಕೂಡಿಸುವುದಕ್ಕೂ ಹೆಸರಾಗಿದ್ದರು. ಗರಡಿಮನೆಯಲ್ಲಿ ಪಟ್ಟು ಕಲಿಯುವವನಿಗೆ ಕೀಲು ಎಲ್ಲಿ ಬಿಡುತ್ತದೆ, ಎಲ್ಲಿ ಕೂಡುತ್ತದೆ ಎಂಬ ತಿಳಿವಳಿಕೆ ತಾನಾಗಿ ಬರುತ್ತಿತ್ತು. ಉತ್ತರದಲ್ಲಿ ಮೈಯೊತ್ತುವ ಕಲೆಗೆ ಚಂಪಿ ಎಂಬ ಹೆಸರಿತ್ತು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಇದನ್ನು ಇಂಗ್ಲೆಂಡಿನ ಬ್ರೈಟನ್ ಪಟ್ಟಣಕ್ಕೆ ಕೊಂಡೊಯ್ದು, ಆವಿಸ್ನಾನದ ಜೊತೆ ಮೈಯೊತ್ತುವ ಗೃಹವನ್ನು ನಡೆಸಿದ. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳಿಗೆ 'ಶಾಂಪೂಯಿಂಗ್ ಸರ್ಜನ್' ಎನಿಸಿಕೊಂಡ. 1822ರಲ್ಲಿ ತನ್ನ ಚಿಕಿತ್ಸೆಯ ಕುರಿತು ಪುಸ್ತಕವನ್ನೂ ಪ್ರಕಟಿಸಿದ. ಒತ್ತು ಎಂಬ ಅರ್ಥದ ಹಿಂದಿ ಮಾತು ಇಂಗ್ಲಿಷಿಗೆ ಹೋಗಿ, ಕೊನೆಗೆ ತಲೆಗೂದಲು ತೊಳೆಯುವ ಸಾಬೂನಿನ ನೀರಿನ ಹೆಸರಾಗಿ ನಮಗೆ ಮರಳಿದ್ದು ಬೇರೆಯೇ ಕತೆ.

ನೇಗಿಲ ಹಗ್ಗದ ಪಾಠ

ಪಶ್ಚಿಮದಲ್ಲಿಯೂ ಹಳ್ಳಿಹಳ್ಳಿಗೆ ಮೂಳೆ ಕೂಡಿಸುವವರಿದ್ದರು. ವೈದ್ಯಪದವಿ ಪಡೆದವರು ಅವರನ್ನು ದೂರವೇ ಇಟ್ಟಿದ್ದರು. ಈ ಕೈವಿದ್ಯೆಗೆ ಒಂದು ಪದ್ಧತಿಯ ರೂಪ ಕೊಡಲು ಹೊರಟವರಲ್ಲಿ ಅಮೆರಿಕದ ಆಂಡ್ರೂ ಟೇಲರ್ ಸ್ಟಿಲ್ ಪ್ರಮುಖ. 1828ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಈತ ತನ್ನ ಆತ್ಮಕಥೆಯಲ್ಲಿ ಒಂದು ಪ್ರಸಂಗವನ್ನು ಹೇಳಿಕೊಂಡಿದ್ದಾನೆ. ಆಗ ಅವನಿಗೆ ಹತ್ತು ವರ್ಷದ ಆಸುಪಾಸು. ತಲೆನೋವು ತಡೆಯಲಾಗದೆ, ಎರಡು ಮರಗಳ ನಡುವೆ ಕಟ್ಟಿದ್ದ ನೇಗಿಲ ಹಗ್ಗದ ಉಯ್ಯಾಲೆಯನ್ನು ನೆಲದಿಂದ ಒಂದು ಗೇಣಿನಷ್ಟು ಎತ್ತರಕ್ಕೆ ಇಳಿಸಿದ. ಹಗ್ಗದ ಮೇಲೆ ಕಂಬಳಿಯ ತುದಿಯನ್ನು ಹಾಕಿ, ಕತ್ತನ್ನು ಅದಕ್ಕೆ ಆನಿಸಿ ನೆಲದ ಮೇಲೆ ಚಾಚಿ ಮಲಗಿದ. ನಿದ್ದೆ ಹತ್ತಿತು. ಎದ್ದಾಗ ತಲೆನೋವು ಹೋಗಿತ್ತು. ಮುಂದೆ ಇಪ್ಪತ್ತು ವರ್ಷ ತಲೆನೋವು ಬಂದಾಗಲೆಲ್ಲ ಇದನ್ನೇ ಮಾಡಿದನಂತೆ.

ಇಲ್ಲಿ ಯಾರೂ ಕತ್ತನ್ನು ತಿರುಚಲಿಲ್ಲ, ಎಳೆಯಲಿಲ್ಲ. ತಲೆಬುರುಡೆಯ ಬುಡದ ಸ್ನಾಯುಗಳಿಗೆ ಆಸರೆ ಸಿಕ್ಕಿತು, ತಲೆಯ ತೂಕ ಇಳಿಯಿತು, ಹುಡುಗ ನಿದ್ದೆ ಹೋದ. ಇಂದು ಚಿಕಿತ್ಸಕರು ರೋಗಿಯನ್ನು ಅಂಗಾತ ಮಲಗಿಸಿ, ತಲೆಯ ಬುಡಕ್ಕೆ ಬೆರಳ ತುದಿಗಳನ್ನು ಆನಿಸಿಟ್ಟು ನಿಮಿಷಗಟ್ಟಲೆ ಸುಮ್ಮನೆ ಹಿಡಿದಿರುವ ಕ್ರಮಕ್ಕೂ ಈ ನೇಗಿಲ ಹಗ್ಗಕ್ಕೂ ಬಹಳ ವ್ಯತ್ಯಾಸವಿಲ್ಲ.

ಸ್ಟಿಲ್‌ನ ಬಾಳಿನಲ್ಲಿ ಇನ್ನೊಂದು ಘಟನೆಯೂ ಇದೆ. 1864ರಲ್ಲಿ ಅವನ ಮೂವರು ಮಕ್ಕಳು ಮೆನಿಂಜೈಟಿಸ್, ಅಂದರೆ ಮಿದುಳು ಪೊರೆಯ ಉರಿಯೂತಕ್ಕೆ ಬಲಿಯಾದರು. ಆ ರೋಗದ ದೊಡ್ಡ ಗುರುತು ಕತ್ತು ಬಗ್ಗದಷ್ಟು ಸೆಟೆದುಕೊಳ್ಳುವುದು; ಕೈಯಿಂದ ಬಿಡಿಸಲಾಗದ ಬಿಗಿತವದು. ಅಂದಿನ ವೈದ್ಯರ ಔಷಧಗಳ ಮೇಲೆ ಅವನಿಗಿದ್ದ ನಂಬಿಕೆ ಅಲ್ಲಿಗೆ ಮುಗಿಯಿತು. ಹತ್ತು ವರ್ಷಗಳ ಅನಂತರ, 1874ರಲ್ಲಿ, ಆಸ್ಟಿಯೋಪಥಿ ಎಂಬ ಹೊಸ ಪದ್ಧತಿಯನ್ನು ಸಾರಿದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಅದರ ಶಾಲೆ ತೆರೆಯಿತು. ಎಲ್ಲ ರೋಗಕ್ಕೂ ಕೀಲು ಮೂಳೆಗಳಲ್ಲೇ ಮೂಲವಿದೆ ಎಂಬ ಅವನ ವಾದ ಮುಂದೆ ನಿಲ್ಲಲಿಲ್ಲ. ಆದರೆ ಬೆರಳಿನಿಂದ ಮುಟ್ಟಿ ತಿಳಿಯುವ ಶಿಸ್ತು ಅವನ ಶಿಷ್ಯರಲ್ಲಿ ಉಳಿಯಿತು.

ಮೂರೇ ವರ್ಷಗಳಲ್ಲಿ, 1895ರಲ್ಲಿ, ಅಯೋವಾದ ಡಾವೆನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕಿವಿ ಮಂದವಾಗಿದ್ದ ಹಾರ್ವೆ ಲಿಲ್ಲಾರ್ಡ್ ಎಂಬವನ ಬೆನ್ನೆಲುಬಿನ ಮಣಿಯೊಂದನ್ನು ತಳ್ಳಿ ಕೂರಿಸಿ ಕಿವಿ ಕೇಳಿಸುವಂತೆ ಮಾಡಿದೆನೆಂದು ಹೇಳಿಕೊಂಡ. ಕೈರೋಪ್ರಾಕ್ಟಿಕ್ ಎಂಬ ಪದ್ಧತಿ ಹುಟ್ಟಿದ್ದು ಹೀಗೆ. ಚುರುಕಾದ ಒಂದು ತಳ್ಳು, 'ಲಟಕ್' ಎಂಬ ಸದ್ದು, ಇವು ಅದರ ಗುರುತಾದವು. ಮಣಿ ಸರಿದು ಸ್ವಸ್ಥಾನ ಸೇರಿದ ಸದ್ದು ಅದೆಂದು ಜನ ತಿಳಿದರು. ನಿಜಕ್ಕೂ ಅದು ಕೀಲಿನ ದ್ರವದೊಳಗೆ ಒತ್ತಡ ತಟ್ಟನೆ ಇಳಿದು ಅನಿಲದ ಗುಳ್ಳೆ ಏಳುವಾಗಿನ ಸದ್ದು. ಬೆರಳಿನ ನೆಟಿಗೆ ತೆಗೆದಾಗ ಆಗುವುದೂ ಇದೇ. ಸದ್ದು ಬಂದಿತೆಂದರೆ ಮೂಳೆ ಕೂಡಿತೆಂದು ಅರ್ಥವಲ್ಲ.

ಸ್ನಾಯು ಏಕೆ ಮೊಂಡು ಹಿಡಿಯುತ್ತದೆ?

ಎಳೆದರೆ ಹಗ್ಗ ಉದ್ದವಾಗಬೇಕು. ಬಿಗಿದ ಸ್ನಾಯುವನ್ನು ಎಳೆದರೆ ಅದು ಇನ್ನಷ್ಟು ಬಿಗಿಯುವುದೇಕೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಚಿಕಿತ್ಸಾಲಯದಿಂದಲ್ಲ, ಪ್ರಯೋಗಶಾಲೆಯಿಂದ. ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ನರಗಳ ಮೇಲೆ ದಶಕಗಳ ಕಾಲ ಪ್ರಯೋಗ ನಡೆಸಿದ ವಿಜ್ಞಾನಿ. 1932ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಮೊಣಕೈ ಮಡಚುವ ಸ್ನಾಯು ಬಿಗಿದಾಗ ಅದನ್ನು ಚಾಚುವ ಸ್ನಾಯುವಿಗೆ ಬೆನ್ನುಹುರಿಯಿಂದಲೇ ಸಡಿಲಾಗು ಎಂಬ ಆಜ್ಞೆ ಹೋಗುತ್ತದೆ ಎಂದು ಅವರು ತೋರಿಸಿದರು. ಎರಡು ಎತ್ತುಗಳಲ್ಲಿ ಒಂದು ಜಗ್ಗುವಾಗ ಇನ್ನೊಂದು ಹಿಂದಕ್ಕೆ ಜಗ್ಗದಂತೆ ನೋಡಿಕೊಳ್ಳುವ ವ್ಯವಸ್ಥೆಯಿದು.

1924ರಲ್ಲಿ ಸಹೋದ್ಯೋಗಿ ಲಿಡೆಲ್ ಜೊತೆಗೂಡಿ ಅವರು ಇನ್ನೊಂದು ಸಂಗತಿಯನ್ನು ವಿವರಿಸಿದರು. ಸ್ನಾಯುವನ್ನು ಹಠಾತ್ತನೆ ಎಳೆದರೆ ಅದರೊಳಗಿನ ಸೂಕ್ಷ್ಮ ತಂತುಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಮರುಕ್ಷಣವೇ ಸ್ನಾಯು ಸಂಕುಚಿಸುತ್ತದೆ. ವೈದ್ಯರು ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಎಗರುವುದು ಇದರಿಂದಲೇ. ದೇಹದ ಮಟ್ಟಿಗೆ ಇದು ಕಾವಲು. ಹರಿದುಹೋಗದಂತೆ ಸ್ನಾಯು ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ. ನೋವಿರುವ ಕತ್ತಿನಲ್ಲಿ ಈ ಕಾವಲುಗಾರ ಇನ್ನಷ್ಟು ಎಚ್ಚರವಾಗಿರುತ್ತಾನೆ. ಬಲವಂತವಾಗಿ ಎಳೆದಷ್ಟೂ ಬಾಗಿಲನ್ನು ಭದ್ರಪಡಿಸುತ್ತಾನೆ.

ಹಾಗಾದರೆ ಸ್ನಾಯುವನ್ನು ಎಳೆಯುವ ಬದಲು ಅದರಿಂದಲೇ ಕೆಲಸ ಮಾಡಿಸಿದರೆ? ಈ ಯೋಚನೆಯ ಬೀಜ ಸ್ವೀಡನ್ನಿನಲ್ಲಿ ಆಗಲೇ ಇತ್ತು. ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಥಾಪಿಸಿದ ವ್ಯಾಯಾಮ ಸಂಸ್ಥೆಯ ಪರಂಪರೆಯಲ್ಲಿ ಶಿಕ್ಷಕ ಒಂದು ಕಡೆಗೆ ಒತ್ತಿದರೆ ರೋಗಿ ಅದಕ್ಕೆ ಎದುರಾಗಿ ಒತ್ತುವ ಜೋಡಿ ಚಲನೆಗಳಿದ್ದವು. ಆದರೆ ಅದಕ್ಕೆ ನರವಿಜ್ಞಾನದ ಬೆಂಬಲ ಆಗ ಇರಲಿಲ್ಲ.

ಎರಡನ್ನೂ ಬೆಸೆಯಲು ಕಾರಣವಾದದ್ದು ಪಾರ್ಶ್ವವಾಯು ಮತ್ತು ಪೋಲಿಯೋ. ಅಮೆರಿಕದ ಉದ್ಯಮಿ ಹೆನ್ರಿ ಕೈಸರ್‌ನ ಮಗ ನರರೋಗದಿಂದ ಬಳಲುತ್ತಿದ್ದ. ಅವನಿಗೆ ಚಿಕಿತ್ಸೆ ನೀಡಿದ ಹರ್ಮನ್ ಕ್ಯಾಬಟ್ ಶೆರಿಂಗ್ಟನ್‌ರ ಸಂಶೋಧನೆಗಳನ್ನು ಅರೆದು ಕುಡಿದಿದ್ದ ವೈದ್ಯ. 1946ರಲ್ಲಿ ಕ್ಯಾಬಟ್-ಕೈಸರ್ ಸಂಸ್ಥೆ ಆರಂಭವಾಯಿತು. ಅಲ್ಲಿ ಕ್ಯಾಬಟ್‌ರ ಜೊತೆ ಮಾರ್ಗರೆಟ್ ನಾಟ್ ಎಂಬ ಫಿಸಿಯೋಥೆರಪಿಸ್ಟ್ ದುಡಿದರು. ಬಿಗಿದ ಸ್ನಾಯುವನ್ನು ಮೊದಲು ಚಿಕಿತ್ಸಕನ ಕೈಗೆ ಎದುರಾಗಿ ಬಿಗಿಯಲು ಹೇಳುವುದು, ಆಮೇಲೆ ಬಿಡಲು ಹೇಳುವುದು, ಬಿಟ್ಟ ಕೂಡಲೇ ಸಿಗುವ ಸಡಿಲವನ್ನು ಬಳಸಿ ಮುಂದಕ್ಕೆ ಸರಿಯುವುದು. ಹಿಡಿ-ಬಿಡು ಎಂಬ ಈ ಸರಳ ಸೂತ್ರ ಅಲ್ಲಿ ರೂಪುಗೊಂಡಿತು. ನಾಟ್ ಮತ್ತು ಡೊರೊಥಿ ವಾಸ್ ಬರೆದ ಪುಸ್ತಕ 1956ರಲ್ಲಿ ಹೊರಬಂದು ಈ ವಿದ್ಯೆಯನ್ನು ಬೇರೆ ದೇಶಗಳಿಗೂ ಮುಟ್ಟಿಸಿತು.

ಸ್ಟಿಲ್‌ನ ಪರಂಪರೆಯಲ್ಲಿಯೂ ಇದೇ ದಾರಿ ಕಂಡವರಿದ್ದರು. ಟೆನೆಸಿಯ ಆಸ್ಟಿಯೋಪಥಿ ವೈದ್ಯ ಫ್ರೆಡ್ ಮಿಚೆಲ್ ಕೀಲನ್ನು ತಳ್ಳುವ ಬದಲು ರೋಗಿಯ ಸ್ನಾಯುವಿನ ಬಲವನ್ನೇ ಉಪಯೋಗಿಸಿಕೊಳ್ಳುವ 'ಮಸಲ್ ಎನರ್ಜಿ' ಕ್ರಮವನ್ನು ಬೆಳೆಸಿದರು. ಅಲ್ಲಿಯವರೆಗೆ ಮೇಜಿನ ಮೇಲೆ ಸುಮ್ಮನೆ ಮಲಗಿರುತ್ತಿದ್ದ ರೋಗಿ ಈಗ ಚಿಕಿತ್ಸೆಯಲ್ಲಿ ಪಾಲುದಾರನಾದ.

ಪ್ರಾಗ್‌ನಲ್ಲಿ ಬಿಟ್ಟ ಉಸಿರು

ಇದೇ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಜಾನೆಟ್ ಟ್ರಾವೆಲ್ ಎಂಬ ವೈದ್ಯೆ ಬಿಗಿದ ಸ್ನಾಯುಗಳಲ್ಲಿ ಸಿಗುವ ಸಣ್ಣ ಗಂಟುಗಳ ಬೆನ್ನು ಹತ್ತಿದ್ದರು. ಹೆಗಲ ಮೇಲಿನ ಟ್ರೆಪೀಜಿಯಸ್‌ನಲ್ಲಿ ಒಂದು ಬಿಂದುವನ್ನು ಒತ್ತಿದರೆ ಕಣತಲೆಯಲ್ಲಿ ನೋವು ಏಳುತ್ತದೆ. ತಲೆನೋವೆಂದು ಬಂದವನ ಮೂಲ ತೊಂದರೆ ಹೆಗಲಲ್ಲಿರಬಹುದು. ಇಂಥ ನೋವಿನ ನಕ್ಷೆಗಳನ್ನು ಅವರು ಒಂದೊಂದು ಸ್ನಾಯುವಿಗೂ ಬಿಡಿಸಿದರು. ತಣ್ಣನೆಯ ದ್ರವವನ್ನು ಚರ್ಮದ ಮೇಲೆ ಸಿಂಪಡಿಸಿ, ನೋವಿನ ಗಮನ ಬೇರೆಡೆ ಸರಿದಾಗ ಸ್ನಾಯುವನ್ನು ಮೆಲ್ಲನೆ ಚಾಚುವುದು ಅವರ ಕ್ರಮ. ಬೆನ್ನುನೋವಿನಿಂದ ನರಳುತ್ತಿದ್ದ ಜಾನ್ ಕೆನಡಿಗೆ ಚಿಕಿತ್ಸೆ ನೀಡಿದ ಅವರು, ಆತ ಅಧ್ಯಕ್ಷನಾದಾಗ 1961ರಲ್ಲಿ ಶ್ವೇತಭವನದ ವೈದ್ಯರಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರು.

ಟ್ರಾವೆಲ್ ಜೊತೆಗೂಡಿದ ಡೇವಿಡ್ ಸೈಮನ್ಸ್‌ರ ಹಿನ್ನೆಲೆಯೂ ಕುತೂಹಲದ್ದೇ. ವಾಯುಪಡೆಯ ವೈದ್ಯರಾಗಿದ್ದ ಅವರು 1957ರ ಆಗಸ್ಟ್‌ನಲ್ಲಿ ಬಲೂನಿಗೆ ಕಟ್ಟಿದ ಇಕ್ಕಟ್ಟಾದ ಗೂಡಿನಲ್ಲಿ ಕುಳಿತು 30 ಕಿಲೋಮೀಟರಿಗೂ ಮೇಲೆ ಏರಿ, ಒಂದು ಇಡೀ ದಿನಕ್ಕೂ ಹೆಚ್ಚು ಕಾಲ ಅಲ್ಲೇ ಕಳೆದು ಬಂದವರು. ಅಂಥವರು ಮುಂದಿನ ಬದುಕನ್ನು ಹೆಗಲಿನ ಗಂಟಿಗೆ ಮೀಸಲಿಟ್ಟರು. ಇಬ್ಬರೂ ಸೇರಿ ಬರೆದ ಬೃಹತ್ ಕೈಪಿಡಿಯ ಮೊದಲ ಸಂಪುಟ ಪ್ರಕಟವಾದದ್ದು 1983ರಲ್ಲಿ. ಈ ಗಂಟುಗಳು ನಿಜಕ್ಕೂ ಏನು ಎಂಬ ಬಗ್ಗೆ ತಜ್ಞರ ನಡುವಿನ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಆ ನಕ್ಷೆಗಳು ಚಿಕಿತ್ಸಾಲಯಗಳ ಗೋಡೆಯ ಮೇಲಿವೆ.

ಸೈಮನ್ಸ್‌ರನ್ನು ಪ್ರಾಗ್ ನಗರಕ್ಕೆ ಜೋಡಿಸಿದವರು ಕಾರೆಲ್ ಲೆವಿಟ್. 1916ರಲ್ಲಿ ಹುಟ್ಟಿ 2014ರವರೆಗೆ ಬಾಳಿದ ಈ ಚೆಕ್ ನರತಜ್ಞರು ಕೀಲುಗಳನ್ನು ತಳ್ಳಿ ಕೂರಿಸುವ ವಿದ್ಯೆಯಲ್ಲಿ ಪಳಗಿದವರು. ವರ್ಷಗಳು ಕಳೆದಂತೆ ಅವರಿಗೊಂದು ವಿಷಯ ಮನದಟ್ಟಾಯಿತು. ಸ್ನಾಯು ಬಿಟ್ಟರೆ ಎಷ್ಟೋ ವೇಳೆ ಕೀಲು ತಾನಾಗಿ ಬಿಡುತ್ತದೆ, ತಳ್ಳುವ ಅಗತ್ಯವೇ ಬೀಳುವುದಿಲ್ಲ. ಮಿಚೆಲ್‌ರ ಕ್ರಮವನ್ನು ತೆಗೆದುಕೊಂಡು ಅದರ ಬಲವನ್ನು ಅವರು ಇನ್ನೂ ಇಳಿಸಿದರು.

ಅವರ ವಿಧಾನ ಹೀಗಿದೆ. ರೋಗಿ ಅಂಗಾತ ಮಲಗಿರುತ್ತಾನೆ. ಬಲ ಹೆಗಲಿನ ಸ್ನಾಯು ಬಿಗಿದಿದ್ದರೆ ಚಿಕಿತ್ಸಕ ಒಂದು ಕೈಯಿಂದ ಆ ಹೆಗಲನ್ನು ಹಿಡಿದು, ಇನ್ನೊಂದು ಕೈಯಿಂದ ತಲೆಯನ್ನು ಎಡಕ್ಕೆ ಬಾಗಿಸುತ್ತಾನೆ. ಎಷ್ಟು? ಮೊದಲ ತಡೆ ಬೆರಳಿಗೆ ಗೊತ್ತಾಗುವವರೆಗೆ ಮಾತ್ರ, ಅದರಾಚೆಗೆ ಒಂದು ಕೂದಲೆಳೆಯಷ್ಟೂ ಇಲ್ಲ. ಅಲ್ಲಿ ನಿಂತು, ಬಲಕ್ಕೆ ಕಣ್ಣು ಹೊರಳಿಸಿ ಉಸಿರೆಳೆದುಕೊಳ್ಳಿ ಎನ್ನುತ್ತಾನೆ. ತಲೆ ತಾನಾಗಿ ಬಲಕ್ಕೆ ಬರಲು ಯತ್ನಿಸುತ್ತದೆ. ಚಿಕಿತ್ಸಕನ ಕೈ ಅದನ್ನು ಹಗುರವಾಗಿ ತಡೆಯುತ್ತದೆ. ಸುಮಾರು ಹತ್ತು ಸೆಕೆಂಡು. ಆಮೇಲೆ ಉಸಿರು ಬಿಡಿ, ಎಲ್ಲವನ್ನೂ ಬಿಟ್ಟುಬಿಡಿ ಎನ್ನುತ್ತಾನೆ. ಈಗ ಚಿಕಿತ್ಸಕನದು ಕಾಯುವ ಕೆಲಸ. ಉಸಿರಿನ ಜೊತೆ ಸ್ನಾಯು ಸಡಿಲವಾಗುತ್ತ ತಲೆ ಎಡಕ್ಕೆ ಜಾರುತ್ತದೆ, ಕೈ ಅದನ್ನು ಹಿಂಬಾಲಿಸುತ್ತದೆ. ಇನ್ನು ಜಾರುವುದಿಲ್ಲ ಎಂದಾದಾಗ ಅಲ್ಲಿಂದ ಮತ್ತೆ ಆರಂಭ. ಹೀಗೆ ಮೂರರಿಂದ ಐದು ಬಾರಿ. ಹೆಗಲ ಮೂಳೆಯ ತುದಿಗಿಳಿಯುವ ಎರಡನೆಯ ಸ್ನಾಯುವಿಗಾದರೆ ಗಲ್ಲವನ್ನು ಎದುರು ಪಕ್ಕದ ಕಂಕುಳ ಕಡೆಗೆ ತಿರುಗಿಸಿಟ್ಟುಕೊಂಡು ಇದೇ ಕ್ರಮ.

ಕಣ್ಣು ಹೋದ ಕಡೆಗೆ ಕತ್ತು ಹೋಗಲು ಸಿದ್ಧವಾಗುತ್ತದೆ, ಉಸಿರು ಬಿಟ್ಟಾಗ ಮೈಯ ಹಲವು ಸ್ನಾಯುಗಳು ಸಡಿಲವಾಗುತ್ತವೆ. ಎಲ್ಲರಿಗೂ ಇರುವ ಈ ಎರಡು ಸಹಜ ಗುಣಗಳನ್ನೇ ಲೆವಿಟ್ ಉಪಕರಣ ಮಾಡಿಕೊಂಡರು. 1984ರಲ್ಲಿ ಅವರು ಮತ್ತು ಸೈಮನ್ಸ್ ಒಂದು ಲೇಖನ ಪ್ರಕಟಿಸಿದರು. 244 ರೋಗಿಗಳ 351 ಸ್ನಾಯು ಗುಂಪುಗಳಿಗೆ ಈ ಚಿಕಿತ್ಸೆ ನೀಡಿದಾಗ, ಶೇಕಡ 94ರಲ್ಲಿ ನೋವು ಆ ಕ್ಷಣವೇ ಇಳಿದಿತ್ತು. ಶೇಕಡ 63ರಲ್ಲಿ ಆ ಗುಣ ಉಳಿದುಕೊಂಡಿತ್ತು. ಇವರಲ್ಲಿಯೂ ಮನೆಯಲ್ಲಿ ತಾವೇ ಅಭ್ಯಾಸ ಮುಂದುವರಿಸಿದವರಿಗೆ ಹೆಚ್ಚು ಪ್ರಯೋಜನವಾಗಿತ್ತು. ಚಿಕಿತ್ಸೆ ಪಡೆಯದವರ ಗುಂಪಿನೊಡನೆ ಹೋಲಿಸಿ ನೋಡಿದ ಪರೀಕ್ಷೆ ಇದಲ್ಲವಾದ್ದರಿಂದ ಈ ಅಂಕಿಗಳನ್ನು ಕೊನೆಯ ಮಾತೆಂದು ತಿಳಿಯಬೇಕಿಲ್ಲ. ಆದರೆ ಇಷ್ಟು ಕಡಿಮೆ ಬಲದಿಂದ ಇಷ್ಟು ಸಾಧ್ಯವೆಂಬುದೇ ಅನೇಕ ಚಿಕಿತ್ಸಕರ ಕೈಯನ್ನು ಹಗುರ ಮಾಡಿತು.

ಲೆವಿಟ್‌ರ ಗೆಳೆಯ ವ್ಲಾದಿಮೀರ್ ಯಾಂಡಾ ಇನ್ನೊಂದು ಪ್ರಶ್ನೆ ಕೇಳಿದರು. ಬಿಡಿಸಿದ ಸ್ನಾಯು ಮತ್ತೆ ಮತ್ತೆ ಬಿಗಿಯುವುದೇಕೆ? ಹುಡುಗನಾಗಿದ್ದಾಗ ಪೋಲಿಯೋದಿಂದ ಬಳಲಿದ್ದ ಯಾಂಡಾಗೆ ದುರ್ಬಲ ಸ್ನಾಯು ಎಂದರೇನೆಂದು ಸ್ವಂತ ಅನುಭವದಿಂದಲೇ ಗೊತ್ತಿತ್ತು. ಹೆಗಲ ಮೇಲಿನ ಸ್ನಾಯುಗಳೂ ಎದೆಯ ಸ್ನಾಯುಗಳೂ ಬಿಗಿಯುವಾಗ, ಕತ್ತಿನ ಮುಂಭಾಗದ ಆಳದ ಸ್ನಾಯುಗಳೂ ಹೆಗಲ ಮೂಳೆಯನ್ನು ಕೆಳಗೆ ಹಿಡಿಯುವ ಸ್ನಾಯುಗಳೂ ಸೋಮಾರಿಯಾಗಿರುತ್ತವೆ ಎಂದು ಅವರು ಗುರುತಿಸಿದರು. ದುಡಿಯದವರ ಪಾಲಿನ ಹೊರೆ ದುಡಿಯುವವರ ಮೇಲೆ ಬೀಳುತ್ತದೆ. ಆದ್ದರಿಂದ ಬಿಗಿದದ್ದನ್ನು ಬಿಡಿಸಿದರೆ ಸಾಲದು, ಮಲಗಿದ್ದನ್ನು ಎಬ್ಬಿಸಲೂ ಬೇಕು. ಕೈಚಿಕಿತ್ಸೆಯ ಜೊತೆ ವ್ಯಾಯಾಮವೂ ಸೇರಬೇಕೆಂದು ಇಂದಿನ ಮಾರ್ಗಸೂಚಿಗಳು ಹೇಳುವುದರ ಹಿಂದಿನ ವಿಚಾರವೂ ಇದೇ.

ಹಿಡಿ-ಬಿಡು ಕ್ರಮ ಏಕೆ ಕೆಲಸ ಮಾಡುತ್ತದೆ ಎಂಬ ವಿವರಣೆ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯಿತು. ಬಿಗಿದು ಬಿಟ್ಟ ಸ್ನಾಯುವಿಗೆ ನರಗಳೇ ಸಡಿಲಾಗು ಎಂಬ ಆಜ್ಞೆ ಕಳುಹಿಸುತ್ತವೆ ಎಂದು ಮೊದಲು ನಂಬಿದ್ದರು. ಸ್ನಾಯುವಿನ ವಿದ್ಯುತ್ ಸಂಕೇತಗಳನ್ನು ಅಳೆದ ಮೇಲೆ ಅಷ್ಟರಿಂದಲೇ ಎಲ್ಲವನ್ನೂ ವಿವರಿಸಲಾಗದೆಂದು ತಿಳಿಯಿತು. ಸ್ನಾಯುವಿನ ಉದ್ದಕ್ಕಿಂತ ಹೆಚ್ಚಾಗಿ, ಚಾಚುವಿಕೆಯನ್ನು ಸಹಿಸುವ ನಮ್ಮ ಶಕ್ತಿ ಹೆಚ್ಚುತ್ತದೆ ಎಂದು ಅನೇಕ ಸಂಶೋಧಕರು ಈಗ ಹೇಳುತ್ತಾರೆ. ಅಂದರೆ ಬಾಗಿಲು ಕಾಯುವವನಿಗೆ, ಬಂದವನಿಂದ ಅಪಾಯವಿಲ್ಲವೆಂಬ ನಂಬಿಕೆ ಬಂದಿದೆ ಎಂದಷ್ಟೇ.

ತಿರುಚಿದರೆ ತಪ್ಪುವ ದಾರಿ

ಕ್ಷೌರದಂಗಡಿಯ ಕುರ್ಚಿಗೆ ಮರಳಿದರೆ, ಬಲಪ್ರಯೋಗ ಏಕೆ ಬೇಡವೆಂಬುದಕ್ಕೆ ಇನ್ನೂ ಗಂಭೀರವಾದ ಕಾರಣವೊಂದಿದೆ. ಕತ್ತಿನ ಮಣಿಗಳ ಎರಡೂ ಪಕ್ಕದಲ್ಲಿ ಸಣ್ಣ ರಂಧ್ರಗಳಿವೆ. ಆ ರಂಧ್ರಗಳ ಮೂಲಕ ಒಂದೊಂದು ರಕ್ತನಾಳ ಮಿದುಳಿನ ಹಿಂಭಾಗಕ್ಕೆ ಏರುತ್ತದೆ. ಅತ್ಯಂತ ಮೇಲಿನ ಮಣಿಯ ಬಳಿ ಅದು ಸುತ್ತಿಕೊಂಡು ಒಳಹೋಗುತ್ತದೆ. ತಲೆಯನ್ನು ಹಠಾತ್ತನೆ ತಿರುಚಿದಾಗ ಇದರ ಒಳಪದರ ಸೀಳಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಕತ್ತು ತಿರುಚಿದ ನಂತರದ ಇಂಥ ಹಾನಿಯನ್ನು ಅಮೆರಿಕದ ವೈದ್ಯಪತ್ರಿಕೆ 1947ರಲ್ಲೇ ವರದಿ ಮಾಡಿತ್ತು. ತಲೆ ತೊಳೆಸಿಕೊಳ್ಳಲು ಸೌಂದರ್ಯಗೃಹದ ತೊಟ್ಟಿಯ ಅಂಚಿಗೆ ಕತ್ತನ್ನು ಹಿಂದಕ್ಕೆ ಚಾಚಿ ಕುಳಿತ ಮೇಲೆ ಪಾರ್ಶ್ವವಾಯುವಾದ ಐವರ ವೃತ್ತಾಂತ 1993ರಲ್ಲಿ ಪ್ರಕಟವಾಯಿತು.

ಇದು ಅಪರೂಪ ಎಂಬುದೂ ನಿಜ. ಕೆನಡದ ಒಂಟಾರಿಯೊದಲ್ಲಿ ಒಂಬತ್ತು ವರ್ಷಗಳ ದಾಖಲೆಗಳನ್ನು ನೋಡಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಿದುಳಿನ ಆ ಭಾಗದ ಪಾರ್ಶ್ವವಾಯು ಸಿಕ್ಕಿದ್ದು 818 ಮಂದಿಯಲ್ಲಿ. ಅಂಥವರು ಅದಕ್ಕೆ ಮೊದಲು ಕೈರೋಪ್ರಾಕ್ಟರನ್ನು ಕಂಡಿದ್ದಂತೆಯೇ ಸಾಮಾನ್ಯ ವೈದ್ಯರನ್ನೂ ಕಂಡಿದ್ದರು. ಆದ್ದರಿಂದ ಕೆಲವರಲ್ಲಿ ನಾಳ ಮೊದಲೇ ಸೀಳಿದ್ದು, ಆ ನೋವಿಗೇ ಅವರು ಚಿಕಿತ್ಸೆ ಹುಡುಕಿಕೊಂಡು ಹೋಗಿರಬೇಕೆಂದು ಸಂಶೋಧಕರು ತರ್ಕಿಸಿದರು. ಹಾಗಿದ್ದರೂ ತಾತ್ಪರ್ಯ ಬದಲಾಗುವುದಿಲ್ಲ. ಸೀಳಿರುವ ನಾಳದ ಕತ್ತನ್ನು ಪರೀಕ್ಷಿಸದೆ ತಿರುಚುವುದಕ್ಕಿಂತ ದೊಡ್ಡ ಅಪಾಯ ಬೇರೆಯಿಲ್ಲ. ಅದನ್ನು ಪರೀಕ್ಷಿಸುವ ವಿದ್ಯೆ ಕ್ಷೌರದಂಗಡಿಯಲ್ಲಿಲ್ಲ.

ಭಾರತದಲ್ಲಿ ಈ ವಿದ್ಯೆಗೆ ಶಾಲೆಯ ರೂಪ ಬಂದದ್ದು ಸ್ವಾತಂತ್ರ್ಯಾನಂತರ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯಲ್ಲಿ ಮೊದಲ ಫಿಸಿಯೋಥೆರಪಿ ಶಾಲೆ 1950ರ ದಶಕದ ಆರಂಭದಲ್ಲಿ ತೆರೆಯಿತು. ಅದಕ್ಕೂ ಪ್ರೇರಣೆ ಪೋಲಿಯೋ. 2021ರಲ್ಲಿ ಸಂಸತ್ತು ಆರೋಗ್ಯ ಸಂಬಂಧಿ ವೃತ್ತಿಗಳ ಆಯೋಗದ ಕಾಯ್ದೆಯನ್ನು ಮಾಡಿ ಫಿಸಿಯೋಥೆರಪಿಯನ್ನೂ ಅದರಡಿ ತಂದಿತು. ಜಿಲ್ಲಾ ಕೇಂದ್ರಗಳಲ್ಲಿಯೂ ಇಂದು ತರಬೇತಾದ ಕೈಗಳು ಸಿಗುತ್ತವೆ.

ಆ ಕೈಗಳು ಮೊದಲು ಕೇಳುವುದು ಕೆಲವು ಪ್ರಶ್ನೆಗಳನ್ನು. ಜ್ವರವಿದೆಯೇ? ಬಿದ್ದು ಪೆಟ್ಟಾಗಿದೆಯೇ? ತೋಳು ಜೋಮು ಹಿಡಿಯುತ್ತದೆಯೇ, ಹಿಡಿತ ಸಡಿಲವಾಗಿದೆಯೇ? ಹಿಂದೆಂದೂ ಇಲ್ಲದಂಥ ನೋವು ತಟ್ಟನೆ ಬಂದು, ಜೊತೆಗೆ ತಲೆಸುತ್ತು, ಕಣ್ಣಿಗೆ ಎರಡೆರಡು ಕಾಣುವುದು, ಮಾತು ತೊದಲುವುದು ಇದೆಯೇ? ಇವುಗಳಲ್ಲಿ ಯಾವುದಕ್ಕೆ ಹೌದೆಂದರೂ ಕತ್ತನ್ನು ಯಾರೂ ಮುಟ್ಟಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ಸ್ಟಿಲ್‌ನ ಮಕ್ಕಳ ಬಿಗಿತ ಕೈಗೆ ಬಗ್ಗುವಂಥದ್ದಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಉಳಿದ ಬಿಗಿತಗಳೇ ಹೆಚ್ಚು. ಬಟ್ಟೆ ಹೊಲಿಯುವವರದ್ದು, ಬೀಡಿ ಸುತ್ತುವವರದ್ದು, ಮಗ್ಗದ ಮುಂದೆ ಕೂರುವವರದ್ದು, ಕಂಪ್ಯೂಟರಿನ ಮುಂದೆ ಕೂರುವವರದ್ದು. ಅವರಿಗೆ ಎರಡು ಶತಮಾನಗಳ ಈ ಹುಡುಕಾಟ ಕೊಟ್ಟಿರುವುದು ದುಬಾರಿ ಯಂತ್ರವನ್ನೇನಲ್ಲ. ಸ್ವಲ್ಪ ಶಾಖ, ಹಗುರವಾದ ಒಂದು ಕೈ, ಹತ್ತು ಸೆಕೆಂಡಿನ ಎದುರೊತ್ತು, ಬಿಟ್ಟ ಒಂದು ಉಸಿರು. ಕಲಿತ ಮೇಲೆ ಆ ಕೈ ತಮ್ಮದೇ ಆಗಿರಲೂಬಹುದು. ಉಪ್ಪಿನ ಗಂಟು ಹಿಡಿದು ಪಕ್ಕದಲ್ಲಿ ಕುಳಿತ ಅಜ್ಜಿಗೆ ಶೆರಿಂಗ್ಟನ್ ಯಾರೆಂದು ಗೊತ್ತಿರಲಿಲ್ಲ. ಆದರೆ ಕತ್ತನ್ನು ಅವಸರಪಡಿಸಬಾರದೆಂದು ಗೊತ್ತಿತ್ತು.